ಕಂಬಳದ ಓಟಗಾರ

ಚಾರ್ಮಾಡಿ ಘಟ್ಟವನ್ನು ಇಳಿದು ಪಡುವಣ ದಿಕ್ಕಿಗೆ ಹೊರಟವರಿಗೆ ಘಟ್ಟದ ತಂಪು ಕಳೆದು ಸೆಕೆ ಹತ್ತುವ ಹೊತ್ತಿಗೆ, ಅಡಿಕೆ ತೋಟಗಳ ನಡುವೆ ಮುಂಡಾಜೆ ಎಂಬ ಊರು ಸಿಗುತ್ತದೆ. ಬೆಳ್ತಂಗಡಿ ತಾಲೂಕಿನ ಈ ಊರಿನಿಂದ ಉಜಿರೆ, ಬೆಳ್ತಂಗಡಿ, ಗುರುವಾಯನಕೆರೆಗಳನ್ನು ದಾಟಿ ಬಲಕ್ಕೆ ಹೊರಳಿದರೆ ಗೊಮ್ಮಟನ ವೇಣೂರು; ಇನ್ನೂ ಮುಂದಕ್ಕೆ ಸಾಗಿದರೆ ಸಾವಿರ ಕಂಬದ ಬಸದಿಯ ಮೂಡುಬಿದಿರೆ. ಚಳಿಗಾಲದ ಶನಿವಾರಗಳಂದು ಈ ದಾರಿಯಲ್ಲಿ ಒಂದು ವಿಶೇಷ ನೋಟ ಕಾಣಸಿಗುತ್ತದೆ. ತೆರೆದ ಲಾರಿಗಳಲ್ಲಿ ಎಣ್ಣೆ ಹಚ್ಚಿ ಮಿರಿಮಿರಿ ಮಿಂಚುವ ಕೋಣಗಳು ನಿಂತಿರುತ್ತವೆ. ಅವುಗಳ ಪಕ್ಕದಲ್ಲಿ, ಕೊರಳ ಹಗ್ಗವನ್ನು ಹಿಡಿದುಕೊಂಡು, ನಾಲ್ಕಾರು ಮಂದಿ ತರುಣರು ಕುಳಿತಿರುತ್ತಾರೆ. ಊರಿನ ಹುಡುಗರು ಕೋಣಗಳನ್ನು ಕಂಡು ಕೂಗಿ ಕೈಬೀಸುತ್ತಾರೆ. ಕೋಣಗಳ ಹೆಸರು ಅವರಿಗೆ ಗೊತ್ತು. ಯಜಮಾನರ ಮನೆತನದ ಹೆಸರೂ ಗೊತ್ತು. ಪಕ್ಕದಲ್ಲಿ ಕುಳಿತ ಆ ತರುಣರಲ್ಲಿ ಒಬ್ಬಾತ ಆ ರಾತ್ರಿ ಕೆಸರಿನಲ್ಲಿ ಕೋಣಗಳ ಹಿಂದೆ ಓಡಬೇಕಾದವನು. ಈ ಪಾಠವು ಅವನನ್ನು ಕುರಿತದ್ದು.

ಕಂಬಳವು ತುಳುನಾಡಿನ ಬೇಸಾಯದಿಂದ ಹುಟ್ಟಿದ ಆಟ. ಇಲ್ಲಿನ ಗದ್ದೆಗಳಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ವರ್ಷಕ್ಕೆ ಮೂರು ಬೆಳೆ ತೆಗೆಯುವ ರೂಢಿಯಿತ್ತು. ಮಳೆಗಾಲದ ಏಣೆಲು ಬೆಳೆ ಕೊಯ್ಲಾದ ಮೇಲೆ, ಮುಂದಿನ ಬಿತ್ತನೆಗಾಗಿ ಊರಿನ ದೊಡ್ಡ ಗದ್ದೆಯನ್ನು ಉತ್ತು ಹದಗೊಳಿಸುತ್ತಿದ್ದರು. ಆಗ ಊರಿನವರೆಲ್ಲ ತಮ್ಮ ತಮ್ಮ ಕೋಣಗಳನ್ನು ಆ ಗದ್ದೆಗೆ ಇಳಿಸುವುದು, ದೈವಕ್ಕೆ ಹರಕೆ ಸಲ್ಲಿಸುವುದು, ಯಾರ ಕೋಣಗಳು ಚುರುಕೆಂದು ನೋಡುವುದು ಹಬ್ಬವೇ ಆಗಿತ್ತು. ಗೆದ್ದವರಿಗೆ ಬಾಳೆಗೊನೆಯೋ ತೆಂಗಿನಕಾಯಿಯೋ ದೊರೆಯುತ್ತಿತ್ತು. ಕಾಲಕ್ರಮದಲ್ಲಿ ಈ ಹಬ್ಬವು ಪಂದ್ಯವಾಗಿ ಬೆಳೆಯಿತು. ಬಾಳೆಗೊನೆಯ ಜಾಗಕ್ಕೆ ಚಿನ್ನ ಬಂದಿತು. ಇಂದು ನವೆಂಬರಿನಿಂದ ಮಾರ್ಚಿನವರೆಗೆ, ಒಮ್ಮೊಮ್ಮೆ ಏಪ್ರಿಲಿನವರೆಗೂ, ವಾರಕ್ಕೊಂದು ಊರಿನಂತೆ ಕಂಬಳಗಳು ನಡೆಯುತ್ತವೆ. ಶನಿವಾರ ಮೊದಲಾದ ಪಂದ್ಯವು ರಾತ್ರಿಯೆಲ್ಲ ನಡೆದು ಭಾನುವಾರ ಮುಗಿಯುವುದು ವಾಡಿಕೆ.

ಕೋಣಗಳು ಓಡುವ ಕೆಸರಿನ ಓಣಿಗೆ ‘ಕರೆ’ ಎಂದು ಹೆಸರು. ಅಕ್ಕಪಕ್ಕದಲ್ಲಿ ಎರಡು ಓಣಿಗಳಿದ್ದರೆ ಅದು ‘ಜೋಡುಕರೆ’. ಎರಡು ಜೊತೆ ಕೋಣಗಳು ಏಕಕಾಲದಲ್ಲಿ ಓಡುತ್ತವೆ. ಈ ಜೋಡುಕರೆಗಳಿಗೆ ಜನರು ಪ್ರೀತಿಯಿಂದ ಜೋಡಿ ಹೆಸರುಗಳನ್ನು ಇಟ್ಟಿದ್ದಾರೆ. ಮೂಡುಬಿದಿರೆಯದು ಕೋಟಿ-ಚೆನ್ನಯ, ವೇಣೂರಿನದು ಸೂರ್ಯ-ಚಂದ್ರ, ಕಿನ್ನಿಗೋಳಿಗೆ ಸಮೀಪದ ಐಕಳದ್ದು ಕಾಂತಾಬಾರೆ-ಬೂದಾಬಾರೆ. ಓಟ ಆರಂಭವಾಗುವ ತುದಿಯನ್ನು ‘ಗಂತು’ ಎಂದೂ ಮುಗಿಯುವ ತುದಿಯ ಎತ್ತರದ ಜಾಗವನ್ನು ‘ಮಂಜೊಟ್ಟಿ’ ಎಂದೂ ಕರೆಯುತ್ತಾರೆ. ಗಂತಿನಿಂದ ಮಂಜೊಟ್ಟಿಗೆ ಇರುವ ದೂರ ಊರಿನಿಂದ ಊರಿಗೆ ಸ್ವಲ್ಪ ಬೇರೆಯಾಗುತ್ತದೆ. ನೂರನಲವತ್ತು ಮೀಟರಿನ ಆಸುಪಾಸು ಎಂದು ತಿಳಿದರೆ ಸಾಕು. ಒಳ್ಳೆಯ ಜೋಡಿಗೆ ಅದು ಹದಿಮೂರು ಹದಿನಾಲ್ಕು ಸೆಕೆಂಡುಗಳ ದಾರಿ.

ಪಂದ್ಯದಲ್ಲಿ ಹಲವು ವಿಭಾಗಗಳುಂಟು. ನೊಗಕ್ಕೆ ಕಟ್ಟಿದ ಹಗ್ಗವನ್ನು ಹಿಡಿದು ಓಡುವುದು ಹಗ್ಗದ ವಿಭಾಗ. ನೇಗಿಲಿನಂತೆ ಹಗುರಾಗಿ ಮಾಡಿದ ಮರದ ಸಾಧನವನ್ನು ಹಿಡಿದು ಓಡುವುದು ನೇಗಿಲಿನ ವಿಭಾಗ. ಇವೆರಡರಲ್ಲಿಯೂ ಕೋಣಗಳ ಅನುಭವಕ್ಕೆ ತಕ್ಕಂತೆ ಹಿರಿಯ, ಕಿರಿಯ ಎಂಬ ಭೇದವಿದೆ. ಕೋಣಗಳು ಎಳೆಯುವ ಹಲಗೆಯ ಮೇಲೆ ನಿಂತು ಸಾಗುವುದು ಅಡ್ಡಹಲಗೆ. ಇನ್ನೊಂದು ಕನೆಹಲಗೆ. ಇದರಲ್ಲಿ ವೇಗದ ಲೆಕ್ಕವಿಲ್ಲ. ರಂಧ್ರಗಳುಳ್ಳ ಒಂದು ಸಣ್ಣ ಮರದ ತುಂಡಿನ ಮೇಲೆ ಓಟಗಾರನು ಒಂದು ಕಾಲನ್ನು ಊರಿ ನಿಲ್ಲುತ್ತಾನೆ. ಕೋಣಗಳು ಓಡಿದಂತೆ ಕೆಸರುನೀರು ಆ ರಂಧ್ರಗಳ ಮೂಲಕ ಕಾರಂಜಿಯಂತೆ ಮೇಲಕ್ಕೆ ಚಿಮ್ಮುತ್ತದೆ. ಮೇಲೆ ಅಡ್ಡಲಾಗಿ ಕಟ್ಟಿದ ಬಟ್ಟೆಯ ನಿಶಾನೆಯನ್ನು ನೀರು ಮುಟ್ಟಿತೇ ಇಲ್ಲವೇ ಎಂಬುದರ ಮೇಲೆ ಗೆಲುವು ನಿರ್ಧಾರವಾಗುತ್ತದೆ. ಆರೂವರೆ ಕೋಲು, ಏಳೂವರೆ ಕೋಲು ಎಂದು ನಿಶಾನೆಯ ಎತ್ತರವನ್ನು ಹಳೆಯ ಅಳತೆಯಲ್ಲಿಯೇ ಇಂದಿಗೂ ಹೇಳುತ್ತಾರೆ.

ಇಷ್ಟು ವಿಭಾಗಗಳಲ್ಲಿಯೂ ಕೋಣಗಳ ಹಿಂದೆ ಒಬ್ಬ ಮನುಷ್ಯನಿರುತ್ತಾನೆ. ದೂರದಿಂದ ನೋಡಿದವರಿಗೆ ಅವನ ಕೆಲಸ ಸುಲಭವೆಂದು ತೋರಬಹುದು. ಕೋಣಗಳು ಎಳೆಯುತ್ತವೆ, ಅವನು ಹಗ್ಗ ಹಿಡಿದು ಹಿಂದೆ ಹೋಗುತ್ತಾನೆ, ಇದರಲ್ಲಿ ಅವನ ಹೆಚ್ಚುಗಾರಿಕೆ ಏನು ಎಂದು ಕೇಳುವವರೂ ಉಂಟು. ಕರೆಯ ಬದಿಯಲ್ಲಿ ನಿಂತು ನಾಲ್ಕು ಓಟಗಳನ್ನು ಗಮನವಿಟ್ಟು ನೋಡಿದರೆ ಈ ಪ್ರಶ್ನೆ ತಾನಾಗಿಯೇ ಅಡಗುತ್ತದೆ.

ಮೊದಲನೆಯದಾಗಿ, ಅವನು ಓಡುವುದು ನೀರು ತುಂಬಿದ ಕೆಸರಿನಲ್ಲಿ, ಬರಿಗಾಲಿನಲ್ಲಿ. ಗಟ್ಟಿ ನೆಲದ ಮೇಲೆ ವೇಗವಾಗಿ ಓಡುವವರು ಕಾಲಿನ ಮುಂಬೆರಳುಗಳ ಮೇಲೆ ಭಾರ ಹಾಕುತ್ತಾರೆ. ಕೆಸರಿನಲ್ಲಿ ಹಾಗೆ ಮಾಡಿದರೆ ಬೆರಳು ಹೂತು ಮುಗ್ಗರಿಸಬೇಕಾಗುತ್ತದೆ. ಆದುದರಿಂದ ಕಂಬಳದ ಓಟಗಾರನು ಹಿಮ್ಮಡಿಯನ್ನು ಊರಿ ಓಡುವುದನ್ನು ಅಭ್ಯಾಸ ಮಾಡಿಕೊಂಡಿರುತ್ತಾನೆ. ಎರಡನೆಯದಾಗಿ, ಮುಂದಿರುವ ಎರಡು ಪ್ರಾಣಿಗಳು ಎಬ್ಬಿಸುವ ಕೆಸರು ಅವನ ಕಣ್ಣು ಬಾಯಿಗಳಿಗೆ ರಾಚುತ್ತಿರುತ್ತದೆ. ದಾರಿಯನ್ನು ಕಣ್ಣಿನಿಂದ ಕಾಣುವುದಕ್ಕಿಂತ ಕೈಯಲ್ಲಿರುವ ಹಗ್ಗದ ಸೆಳೆತದಿಂದ ತಿಳಿಯುವುದೇ ಹೆಚ್ಚು. ಎಡದ ಕೋಣ ಒಂದು ಹೆಜ್ಜೆ ಹಿಂದೆ ಬಿದ್ದರೂ ಜೋಡಿ ಓರೆಯಾಗುತ್ತದೆ. ಅದನ್ನು ಆ ಕ್ಷಣದಲ್ಲಿಯೇ ಅರಿತು ಕೂಗಿನಿಂದಲೋ ಕೈಯ ಸನ್ನೆಯಿಂದಲೋ ಸರಿಪಡಿಸಬೇಕು. ಮೂರನೆಯದಾಗಿ, ಹಗ್ಗವನ್ನು ಹಿಡಿದು ಜಗ್ಗುವಂತಿಲ್ಲ. ಜಗ್ಗಿದರೆ ಕೋಣಗಳ ವೇಗ ಕುಗ್ಗುತ್ತದೆ. ಬಿಟ್ಟುಬಿಡುವಂತೆಯೂ ಇಲ್ಲ, ಬಿಟ್ಟರೆ ಓಟವೇ ವ್ಯರ್ಥ. ಕೋಣಗಳ ಬಲವನ್ನು ತನ್ನ ಮೈಗೆ ತೆಗೆದುಕೊಳ್ಳುತ್ತ, ತನ್ನ ಭಾರವನ್ನು ಅವುಗಳಿಗೆ ಕೊಡದೆ ಓಡಬೇಕು. ಹಿರಿಯರು ‘ಕೋಣಕ್ಕೆ ಮನುಷ್ಯ ಹೊರೆಯಾಗಬಾರದು’ ಎನ್ನುವುದು ಇದೇ ಅರ್ಥದಲ್ಲಿ. ಕೊನೆಗೆ, ಮಂಜೊಟ್ಟಿಯ ಏರಿನಲ್ಲಿ ಅಷ್ಟು ವೇಗದ ಪ್ರಾಣಿಗಳನ್ನು ಯಾರಿಗೂ ಪೆಟ್ಟಾಗದಂತೆ ನಿಲ್ಲಿಸುವ ಹೊಣೆಯಲ್ಲಿ ಅವನಿಗೂ ಪಾಲುಂಟು. ನಡುದಾರಿಯಲ್ಲಿ ಕಾಲು ಜಾರಿದರೆ ಹಗ್ಗ ಬಿಟ್ಟು ಕೆಸರಿನಲ್ಲಿ ಉರುಳಬೇಕು. ಬಿಡುವುದು ಅರೆಕ್ಷಣ ತಡವಾದರೆ ಕೋಣಗಳು ಎಳೆದುಕೊಂಡೇ ಹೋಗುತ್ತವೆ. ಇದೆಲ್ಲವೂ ಹದಿಮೂರು ಸೆಕೆಂಡುಗಳೊಳಗೆ ನಡೆಯುವ ವ್ಯವಹಾರ.

ಇಂತಹ ಓಟಗಾರನ ಜೀವನಕ್ರಮವನ್ನು ಸ್ವಲ್ಪ ನೋಡೋಣ. ಕೋಣಗಳನ್ನು ಸಾಕುವವರು ಯಜಮಾನರು. ಹುರುಳಿ ಬೇಯಿಸಿ ಹಾಕುವುದು, ಎಣ್ಣೆ ಹಚ್ಚಿ ಮೈ ತಿಕ್ಕುವುದು, ಕೆರೆಯಲ್ಲಿ ಈಜಿಸುವುದು, ಹೀಗೆ ವರ್ಷವಿಡೀ ಆರೈಕೆ ನಡೆಯಬೇಕು. ಅದಕ್ಕೆ ತಗಲುವ ವೆಚ್ಚವೂ ಅವರದೇ. ಓಟಗಾರನಿಗೆ ಸಾಮಾನ್ಯವಾಗಿ ಸ್ವಂತ ಕೋಣಗಳಿರುವುದಿಲ್ಲ. ಅವನ ಬಂಡವಾಳ ಅವನ ಎರಡು ಕಾಲುಗಳು. ಕಂಬಳದ ಋತುವಿನಲ್ಲಿ ಯಜಮಾನರು ಅವನನ್ನು ಗೊತ್ತುಮಾಡಿಕೊಂಡು ಸಂಭಾವನೆ ಕೊಡುತ್ತಾರೆ. ಹೆಸರು ಮಾಡಿದ ಓಟಗಾರನು ಒಂದೇ ಕಂಬಳದಲ್ಲಿ ಬೇರೆ ಬೇರೆ ವಿಭಾಗಗಳಲ್ಲಿ ಬೇರೆ ಬೇರೆ ಯಜಮಾನರ ಕೋಣಗಳನ್ನು ಓಡಿಸುವುದುಂಟು. ಸುತ್ತಿನ ಮೇಲೆ ಸುತ್ತು ಗೆದ್ದಂತೆ ಅವನ ಓಟಗಳೂ ಹೆಚ್ಚುತ್ತವೆ. ಊರೆಲ್ಲ ಮಲಗಿರುವ ನಡುರಾತ್ರಿಯಲ್ಲಿ, ಚಳಿಯಲ್ಲಿ, ಒದ್ದೆ ಮೈಯಲ್ಲಿಯೇ ಅವನು ಮುಂದಿನ ಕರೆಗಾಗಿ ಕಾದು ಕುಳಿತಿರುತ್ತಾನೆ. ಋತು ಮುಗಿದ ಮೇಲೆ ಅವನು ಮತ್ತೆ ಕೂಲಿಗಾರ, ಕೃಷಿಕ ಅಥವಾ ಗಾರೆ ಕೆಲಸದವ. ವಯಸ್ಸು ಏರಿದಂತೆ ಮೊಣಕಾಲು ಮೊದಲಿನಂತೆ ಮಾತು ಕೇಳುವುದಿಲ್ಲ. ಆಗ ಹಗ್ಗವು ಮತ್ತೊಬ್ಬ ತರುಣನ ಕೈಗೆ ಹೋಗುತ್ತದೆ.

ಪಂದ್ಯದ ಫಲಿತಾಂಶವನ್ನು ಘೋಷಿಸುವ ಕ್ರಮವನ್ನೂ ಗಮನಿಸಬೇಕು. ಮೊದಲು ಊರಿನ ಹೆಸರು, ಆಮೇಲೆ ಯಜಮಾನರ ಹೆಸರು, ಕಟ್ಟಕಡೆಗೆ ‘ಓಡಿಸಿದವರು’ ಎಂದು ಹೇಳಿ ಓಟಗಾರನ ಹೆಸರು. ಮರುದಿನದ ಪತ್ರಿಕೆಗಳಲ್ಲಿಯೂ ಇದೇ ಕ್ರಮ. ಇದರಲ್ಲಿ ಯಾರದೂ ತಪ್ಪೆಂದು ಹೇಳಬೇಕಾಗಿಲ್ಲ. ಕೋಣಗಳನ್ನು ಸಾಕುವುದು ಮನೆತನದ ಗೌರವವಾಗಿದ್ದ ಕಾಲದಿಂದ ಬಂದ ಪದ್ಧತಿಯಿದು. ಆದರೂ ಓಡಿದವನ ಹೆಸರು ಕೊನೆಯ ಸಾಲಿನಲ್ಲಿತ್ತು ಎಂಬುದು ನೆನಪಿನಲ್ಲಿರಲಿ. ಈ ಸ್ಥಿತಿಯನ್ನು ಉತ್ತಮಪಡಿಸಲು ಗುಣಪಾಲ ಕಡಂಬರು ಮೊದಲಾದವರು ಮುಂದೆ ಬಂದು ಕಂಬಳ ಅಕಾಡೆಮಿಯನ್ನು ಕಟ್ಟಿದರು. ತರುಣ ಓಟಗಾರರಿಗೆ ವ್ಯಾಯಾಮ, ಶಿಸ್ತು, ಕೋಣಗಳನ್ನು ಹಿಂಸೆಯಿಲ್ಲದೆ ಪಳಗಿಸುವ ಬಗೆ ಇವುಗಳನ್ನು ಕಲಿಸುವ ಪ್ರಯತ್ನ ಅಲ್ಲಿ ನಡೆಯಿತು. ಮನೆಯಂಗಳದಲ್ಲಿ ನೋಡಿ ಕಲಿಯುತ್ತಿದ್ದ ವಿದ್ಯೆಗೆ ಹೀಗೆ ಒಂದು ಶಾಲೆಯೂ ಒದಗಿತು.

ಓಟಗಾರನ ಬದುಕಿಗೆ ಒಮ್ಮೆ ದೊಡ್ಡ ಅಡ್ಡಿ ಬಂದಿತು. ಪ್ರಾಣಿಗಳನ್ನು ಬಳಸಿ ನಡೆಸುವ ಪಂದ್ಯಗಳಲ್ಲಿ ಹಿಂಸೆಯಾಗುತ್ತದೆಂಬ ದೂರನ್ನು ವಿಚಾರಿಸಿದ ಸುಪ್ರೀಂ ಕೋರ್ಟು 2014ನೆಯ ಮೇ ತಿಂಗಳಲ್ಲಿ ತಮಿಳುನಾಡಿನ ಜಲ್ಲಿಕಟ್ಟು ಮತ್ತು ಮಹಾರಾಷ್ಟ್ರದ ಎತ್ತಿನ ಗಾಡಿ ಓಟಗಳನ್ನು ನಿಷೇಧಿಸಿತು. ಆ ತೀರ್ಪಿನ ನೆರಳು ಕಂಬಳದ ಮೇಲೂ ಬಿದ್ದಿತು. 2016ನೆಯ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಕಂಬಳಕ್ಕೆ ಮಧ್ಯಂತರ ತಡೆಯಾಜ್ಞೆ ನೀಡಿತು. ಬಳಿಕ ಜನರು ಚಳವಳಿ ಹೂಡಿದರು. 2017ರಲ್ಲಿ ರಾಜ್ಯವು ಕಾನೂನಿಗೆ ತಿದ್ದುಪಡಿ ತಂದಿತು. 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಕೊನೆಗೆ 2023ನೆಯ ಮೇ 18ರಂದು ಐವರು ನ್ಯಾಯಾಧೀಶರ ಸಂವಿಧಾನ ಪೀಠವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಈ ವಿವಾದದಲ್ಲಿ ಎರಡು ಪಕ್ಷಗಳ ಮಾತಿನಲ್ಲಿಯೂ ತಿರುಳಿತ್ತು. ಕೋಣಕ್ಕೆ ತನ್ನ ನೋವನ್ನು ಹೇಳಿಕೊಳ್ಳಲು ಬಾಯಿಲ್ಲ. ಬಾರುಕೋಲಿನ ಏಟನ್ನು ಸಂಪ್ರದಾಯದ ಹೆಸರಿನಲ್ಲಿ ಸಮರ್ಥಿಸುವುದು ನ್ಯಾಯವಲ್ಲ. ಇತ್ತ, ಮಗುವಿನಂತೆ ಕೋಣಗಳನ್ನು ಸಾಕಿದವರ ಪ್ರೀತಿಯೂ, ಅವುಗಳೊಡನೆ ಓಡುವುದನ್ನೇ ಕಸುಬಾಗಿಸಿಕೊಂಡವರ ಅನ್ನವೂ ಸುಳ್ಳಲ್ಲ. ಹೊಡೆಯದೆ ಓಡಿಸುವವನೇ ನಿಜವಾದ ಓಟಗಾರನೆಂಬ ಮಾತು ಕರೆಯ ಬದಿಯಲ್ಲಿ ಬಲವಾಗಿ ಕೇಳಬಂದರೆ, ಅದು ಈ ವಿವಾದ ಕೊಟ್ಟ ಒಳ್ಳೆಯ ಪಾಠವೆಂದೇ ತಿಳಿಯಬೇಕು.

ಕರೆಗಳಲ್ಲಿ ಮತ್ತೆ ನೀರು ತುಂಬಿದ ಮೇಲೆ, ಯಾರೂ ನಿರೀಕ್ಷಿಸದಿದ್ದ ಒಂದು ಘಟನೆ ನಡೆಯಿತು. 2020ನೆಯ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಮೂಡುಬಿದಿರೆಯ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡ ಎಂಬ ತರುಣರು 142.5 ಮೀಟರುಗಳ ಕರೆಯನ್ನು 13.62 ಸೆಕೆಂಡುಗಳಲ್ಲಿ ಮುಗಿಸಿದರು. ಅವರಿಗಾಗ ಇಪ್ಪತ್ತೆಂಟರ ಪ್ರಾಯ. ಕಂಬಳವಿಲ್ಲದ ದಿನಗಳಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದವರು. ಯಾರೋ ಕುತೂಹಲದಿಂದ ಲೆಕ್ಕಹಾಕಿ, ಈ ಪ್ರಮಾಣದಲ್ಲಿ ನೂರು ಮೀಟರಿಗೆ 9.55 ಸೆಕೆಂಡುಗಳಾಗುತ್ತವೆಂದು ಹೇಳಿದರು. ಜಮೈಕಾ ದೇಶದ ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್ ನಗರದಲ್ಲಿ ನೂರು ಮೀಟರನ್ನು 9.58 ಸೆಕೆಂಡುಗಳಲ್ಲಿ ಓಡಿದ್ದು ವಿಶ್ವದಾಖಲೆ. ಹಾಗಾದರೆ ನಮ್ಮ ಗದ್ದೆಯ ಓಟಗಾರನು ಬೋಲ್ಟನನ್ನೂ ಮೀರಿಸಿದನೇ? ಈ ಪ್ರಶ್ನೆ ಕೆಲವೇ ದಿನಗಳಲ್ಲಿ ದೇಶವನ್ನೆಲ್ಲ ಸುತ್ತಿತು. ಹೊರದೇಶದ ಪತ್ರಿಕೆಗಳೂ ಬರೆದವು. ಅದೇ ತಿಂಗಳ 16ರಂದು ವೇಣೂರಿನ ಕರೆಯಲ್ಲಿ ಬಜಗೋಳಿ ಜೋಗಿಬೆಟ್ಟಿನ ನಿಶಾಂತ್ ಶೆಟ್ಟಿಯವರು 143 ಮೀಟರುಗಳನ್ನು 13.61 ಸೆಕೆಂಡುಗಳಲ್ಲಿ ಮುಗಿಸಿ ಆ ವೇಗವನ್ನೂ ದಾಟಿದರು.

ಅಂದಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಅವರು ಶ್ರೀನಿವಾಸ ಗೌಡರನ್ನು ಭಾರತೀಯ ಕ್ರೀಡಾ ಪ್ರಾಧಿಕಾರದ ತರಬೇತುದಾರರು ಪರೀಕ್ಷಿಸುವಂತೆ ಏರ್ಪಾಡು ಮಾಡಿದರು. ಮುಖ್ಯಮಂತ್ರಿ ಯಡಿಯೂರಪ್ಪನವರು ಅವರನ್ನು ಬೆಂಗಳೂರಿಗೆ ಬರಮಾಡಿಕೊಂಡು ಮೂರು ಲಕ್ಷ ರೂಪಾಯಿಗಳ ಬಹುಮಾನವಿತ್ತು ಗೌರವಿಸಿದರು. ಕೀರ್ತಿಯೂ ಹಣವೂ ಅವಕಾಶವೂ ಒಂದೇ ವಾರದಲ್ಲಿ ಮನೆಬಾಗಿಲಿಗೆ ಬಂದಾಗ ತಲೆ ತಿರುಗದವರು ವಿರಳ. ಶ್ರೀನಿವಾಸ ಗೌಡರು ಆಗ ನಡೆದುಕೊಂಡ ರೀತಿ ಗಮನಾರ್ಹವಾಗಿದೆ. ಬೋಲ್ಟ್ ವಿಶ್ವವಿಜೇತ, ತಾನು ಕೆಸರುಗದ್ದೆಯಲ್ಲಿ ಓಡುವವನು ಎಂದು ಅವರು ವಿನಯದಿಂದ ಹೇಳಿದರು. ಕಂಬಳದಲ್ಲಿ ಹಿಮ್ಮಡಿಯ ಓಟ, ಮೈದಾನದಲ್ಲಿ ಬೆರಳುಗಳ ಓಟ, ಎರಡೂ ಬೇರೆ ಎಂದು ವಿವರಿಸಿದರು. ತನ್ನ ವೇಗದಲ್ಲಿ ಕೋಣಗಳ ಪಾಲೂ ಇದೆ ಎಂಬುದನ್ನು ಮರೆಮಾಚಲಿಲ್ಲ. ಪರೀಕ್ಷೆಗೆ ಹೋಗದೆ, ಋತುವಿನ ಉಳಿದ ಕಂಬಳಗಳ ಕಡೆಗೆ ಮುಖ ಮಾಡಿದರು.

ಕೆಲವರಿಗೆ ಇದು ಅವಕಾಶವನ್ನು ಕೈಬಿಟ್ಟಂತೆ ಕಂಡಿತು. ಹೇಡಿತನವೆಂದವರೂ ಇದ್ದರು. ಲೆಕ್ಕವನ್ನು ಸಮಾಧಾನದಿಂದ ಪರಿಶೀಲಿಸಿದರೆ ಅವರ ಮಾತಿನ ಸತ್ಯ ತಿಳಿಯುತ್ತದೆ. ನೂರನಲವತ್ತೆರಡೂವರೆ ಮೀಟರಿನ ಕಾಲವನ್ನು ಭಾಗಿಸಿ ನೂರು ಮೀಟರಿನ ಕಾಲವೆನ್ನುವುದು ಸರಿಯಲ್ಲ. ಯಾವ ಓಟಗಾರನೂ ಮೊದಲ ಹೆಜ್ಜೆಯಿಂದಲೇ ಪೂರ್ಣ ವೇಗದಲ್ಲಿ ಇರುವುದಿಲ್ಲ. ನಿಂತಲ್ಲಿಂದ ವೇಗ ಪಡೆಯಲು ಹಿಡಿಯುವ ಕಾಲವು ಚಿಕ್ಕ ಓಟದಲ್ಲಿ ಹೆಚ್ಚು ಭಾರವಾಗುತ್ತದೆ, ಉದ್ದ ಓಟದಲ್ಲಿ ಹಂಚಿಹೋಗುತ್ತದೆ. ಇದೇ ಬೋಲ್ಟ್ 2009ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 150 ಮೀಟರನ್ನು 14.35 ಸೆಕೆಂಡುಗಳಲ್ಲಿ ಓಡಿದರು. ಆ ಓಟದ ಕೊನೆಯ ನೂರು ಮೀಟರಿಗೆ ಅವರಿಗೆ ಹಿಡಿದದ್ದು ಬರಿಯ 8.70 ಸೆಕೆಂಡು. ಇನ್ನು ಮೈದಾನದ ಓಟದಲ್ಲಿ ಬೆನ್ನ ಹಿಂದಿನಿಂದ ಬೀಸುವ ಗಾಳಿಯ ವೇಗ ಸೆಕೆಂಡಿಗೆ ಎರಡು ಮೀಟರುಗಳನ್ನು ಮೀರಿದರೆ ಸಾಕು, ಆ ಕಾಲವನ್ನು ದಾಖಲೆಯೆಂದು ಒಪ್ಪುವುದಿಲ್ಲ. ಗಾಳಿಯ ಸಹಾಯಕ್ಕೇ ಇಷ್ಟು ಕಟ್ಟುನಿಟ್ಟಿರುವಾಗ, ಎರಡು ಬಲಿಷ್ಠ ಕೋಣಗಳ ಸೆಳೆತವನ್ನು ಎಲ್ಲಿ ಲೆಕ್ಕಕ್ಕಿಡುವುದು? ಹಾಗೆಯೇ, ಮೊಣಕಾಲಿನತನಕ ಹಾರುವ ಕೆಸರಿನ ತಡೆಯನ್ನು ಎಲ್ಲಿ ಕಳೆಯುವುದು? ಎರಡೂ ಓಟಗಳೇ, ಆದರೆ ಒಂದರ ಗಜಕೋಲಿನಿಂದ ಮತ್ತೊಂದನ್ನು ಅಳೆಯಲು ಬರುವುದಿಲ್ಲ.

ಈ ಮಾತು ಕಂಬಳಕ್ಕೆ ಮಾತ್ರ ಅನ್ವಯಿಸುವಂತಹುದಲ್ಲ. ದೂರದ ಅಮೆರಿಕದಿಂದ ಒಂದು ನಿದರ್ಶನ ನೋಡೋಣ. ಅಲ್ಲಿ ‘ಅಮೆರಿಕನ್ ಫುಟ್‌ಬಾಲ್’ ಎಂಬ ಆಟವಿದೆ. ಹೆಸರು ಕಾಲ್ಚೆಂಡಾದರೂ ಮೊಟ್ಟೆಯಾಕಾರದ ಚೆಂಡನ್ನು ಹೆಚ್ಚಾಗಿ ಕೈಯಲ್ಲಿಯೇ ಹಿಡಿದು ಓಡುತ್ತಾರೆ. ಎದುರಾಳಿಗಳು ಮೈಮೇಲೆ ಬಿದ್ದು ನೆಲಕ್ಕೆ ಕೆಡವುತ್ತಾರೆ. ಆ ಆಟದಲ್ಲಿ ‘ಫುಲ್‌ಬ್ಯಾಕ್’ ಎಂಬ ಸ್ಥಾನದ ಆಟಗಾರನು ಗಟ್ಟಿಮುಟ್ಟಾದವನಾಗಿರಬೇಕು. ತನ್ನ ಮೈಯನ್ನೇ ಒಡ್ಡಿ ಜೊತೆಗಾರನಿಗೆ ದಾರಿ ಬಿಡಿಸುವುದು, ಇಲ್ಲವೇ ಚೆಂಡನ್ನು ಅವಚಿಕೊಂಡು ಗುಂಪಿನ ನಡುವೆ ತಾನೇ ನುಗ್ಗುವುದು ಅವನ ಕೆಲಸ. ಜಿಮ್ ಬ್ರೌನ್ ಎಂಬವರು 1957ರಿಂದ 1965ರವರೆಗೆ ಒಂಬತ್ತು ಋತುಗಳ ಕಾಲ ಕ್ಲೀವ್‌ಲ್ಯಾಂಡ್ ತಂಡದ ಫುಲ್‌ಬ್ಯಾಕ್ ಆಗಿದ್ದರು. 118 ಪಂದ್ಯಗಳಲ್ಲಿ ಒಂದನ್ನೂ ತಪ್ಪಿಸಲಿಲ್ಲ. ಒಂಬತ್ತರಲ್ಲಿ ಎಂಟು ಋತುಗಳಲ್ಲಿ ಚೆಂಡು ಹಿಡಿದು ಅತ್ಯಧಿಕ ದೂರ ಓಡಿದವರು ಅವರೇ. ಹಾಗೆ ಓಡಿದ ಒಟ್ಟು ದೂರ 12,312 ಗಜಗಳು.

ಈ ದೂರವನ್ನು ನಮ್ಮ ಲೆಕ್ಕಕ್ಕೆ ತಂದರೆ ಹನ್ನೊಂದೂಕಾಲು ಕಿಲೋಮೀಟರು. ಒಂಬತ್ತು ವರ್ಷಗಳಲ್ಲಿ ಹನ್ನೊಂದೂಕಾಲು ಕಿಲೋಮೀಟರು ಎಂದರೆ ನಗು ಬರಬಹುದು. ಶಾಲೆಯ ಹುಡುಗನೂ ಅಷ್ಟು ದೂರವನ್ನು ಒಂದು ಬೆಳಿಗ್ಗೆ ನಡೆದಾನು. ಬ್ರೌನರು ಅಷ್ಟು ದೂರವನ್ನು 2,359 ಬಾರಿ ಚೆಂಡು ಹಿಡಿದು, ಪ್ರತಿಸಲವೂ ಸರಾಸರಿ ಐದು ಗಜಗಳಂತೆ, ತಮ್ಮನ್ನು ಕೆಡವಲು ಬಂದವರ ನಡುವಿನಿಂದ ಗಳಿಸಿದರೆಂದು ತಿಳಿದಾಗ ನಗು ನಿಂತು ಗೌರವ ಹುಟ್ಟುತ್ತದೆ. ಆ ಐದು ಗಜಗಳ ಬೆಲೆಯನ್ನು ಆ ಆಟವೇ ಹೇಳಬಲ್ಲುದು. 1966ರಲ್ಲಿ, ಮೂವತ್ತರ ಪ್ರಾಯದಲ್ಲಿ, ಇನ್ನೂ ಎಲ್ಲರಿಗಿಂತ ಮುಂದಿರುವಾಗಲೇ ಅವರು ಆಟದಿಂದ ನಿವೃತ್ತರಾದರು. ಮೈಯ ಬಲದಿಂದ ನಡೆಯುವ ಕಸುಬಿಗೆ ಆಯುಸ್ಸು ಕಡಿಮೆ. ಕ್ಲೀವ್‌ಲ್ಯಾಂಡಿನ ಮೈದಾನದಲ್ಲಿಯೂ ವೇಣೂರಿನ ಕರೆಯಲ್ಲಿಯೂ ಈ ನಿಯಮ ಒಂದೇ. ಎರಡೂ ಕಡೆಗಳಲ್ಲಿ ಬೇರೆಯಾದುದು ಸಮಾಜ ಕೊಟ್ಟ ಸ್ಥಾನ. ಬ್ರೌನರಂತಹವರ ಪ್ರತಿಯೊಂದು ಗಜವನ್ನೂ ಬರೆದಿಟ್ಟಿದ್ದಾರೆ. ನಮ್ಮಲ್ಲಿ ತಲೆಮಾರುಗಳಿಂದ ಕೋಣಗಳೊಡನೆ ಓಡಿದ ಎಷ್ಟೋ ಜನರ ಹೆಸರನ್ನು ಬರೆದಿಟ್ಟವರಿಲ್ಲ.

2020ರ ಆ ಗಡಿಯಾರದ ಲೆಕ್ಕದಿಂದ ಆದ ನಿಜವಾದ ಉಪಕಾರ ಇಲ್ಲಿದೆ. ಬೋಲ್ಟನೊಡನೆ ಮಾಡಿದ ಹೋಲಿಕೆ ತಪ್ಪಾಗಿತ್ತು. ಆದರೆ ಆ ತಪ್ಪು ಹೋಲಿಕೆಯ ನೆವದಿಂದ ಜನರ ಕಣ್ಣು ಕೋಣಗಳಿಂದ ಹಿಂದಕ್ಕೆ ಸರಿದು, ಹಗ್ಗ ಹಿಡಿದ ಮನುಷ್ಯನ ಮೇಲೆ ಬಿದ್ದಿತು. ಕೊನೆಯ ಸಾಲಿನಲ್ಲಿದ್ದ ಹೆಸರು ಮೊದಲ ಬಾರಿಗೆ ತಲೆಬರಹದಲ್ಲಿ ಕಾಣಿಸಿತು. 2023ನೆಯ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿಯೇ ಕರೆಯನ್ನು ತೋಡಿ ಕಂಬಳ ನಡೆಸಿದಾಗ, ಗದ್ದೆಯನ್ನೇ ಕಾಣದ ನಗರದ ಮಕ್ಕಳೂ ಓಟಗಾರರನ್ನು ಹತ್ತಿರದಿಂದ ಕಂಡರು.

ಮನ್ನಣೆಗೆ ಇನ್ನೊಂದು ನಾಡಿನ ವೀರನ ಹೆಸರಿನ ಆಸರೆ ಬೇಕಾಯಿತಲ್ಲ ಎಂಬುದು ಮಾತ್ರ ನಾವು ಯೋಚಿಸಬೇಕಾದ ವಿಷಯ. ಕುಂಬಾರನ ಕೈಯ ಹದ, ಮರವೇರಿ ಅಡಿಕೆ ಕೊಯ್ಯುವವನ ಕಾಲಿನ ಹಿಡಿತ, ದೋಣಿಯವನ ನೀರಿನ ಅರಿವು, ಇವು ಯಾವುವೂ ಪದಕದ ಪಟ್ಟಿಯಲ್ಲಿಲ್ಲ. ಆದರೂ ಅವು ವರ್ಷಗಳ ಸಾಧನೆಯಿಂದ ಬಂದ ವಿದ್ಯೆಗಳು. ಪ್ರತಿಯೊಂದು ವಿದ್ಯೆಗೂ ಅದರದೇ ಆದ ಕೋಲು ಉಂಟು. ಕನೆಹಲಗೆಯ ನೀರನ್ನು ಏಳೂವರೆ ಕೋಲಿನಿಂದ ಅಳೆಯುವ ಜನರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ.

ಭಾನುವಾರ ಕೊನೆಯ ಓಟ ಮುಗಿದು ಜನರು ಕರಗುತ್ತಾರೆ. ಗೆದ್ದ ಕೋಣಗಳನ್ನು ವಾದ್ಯದೊಡನೆ ಕರೆದೊಯ್ಯುತ್ತಾರೆ. ಓಟಗಾರನು ಮೊದಲು ಕೋಣಗಳ ಮೈಯ ಕೆಸರನ್ನು ತೊಳೆದು, ಆಮೇಲೆ ತನ್ನ ಮೈಯನ್ನು ತೊಳೆದುಕೊಳ್ಳುತ್ತಾನೆ. ಲಾರಿ ಮತ್ತೆ ಗುರುವಾಯನಕೆರೆಯ ದಾರಿ ಹಿಡಿಯುತ್ತದೆ. ಸೋಮವಾರ ಬೆಳಿಗ್ಗೆ ಅವನಿಗೆ ಕೆಲಸವಿದೆ. ಮುಂದಿನ ಸಲ ಅಂತಹ ಲಾರಿಯನ್ನು ಕಂಡಾಗ ನಾವು ಕೋಣಗಳ ಹೆಸರಿನೊಡನೆ ಅವನ ಹೆಸರನ್ನೂ ಕೇಳಿ ತಿಳಿದುಕೊಂಡರೆ, ಓಡಿದವನಿಗೆ ಸಲ್ಲಬೇಕಾದ ಗೌರವದಲ್ಲಿ ಸ್ವಲ್ಪವನ್ನಾದರೂ ಸಲ್ಲಿಸಿದಂತಾಗುತ್ತದೆ.

ಅಭ್ಯಾಸ

1. ‘ಗಂತು’, ‘ಮಂಜೊಟ್ಟಿ’, ‘ಜೋಡುಕರೆ’ ಎಂದರೇನು?
2. ಕನೆಹಲಗೆಯ ಪಂದ್ಯದಲ್ಲಿ ಗೆಲುವನ್ನು ಹೇಗೆ ನಿರ್ಧರಿಸುತ್ತಾರೆ?
3. ಕೆಸರಿನ ಓಟಕ್ಕೂ ಮೈದಾನದ ಓಟಕ್ಕೂ ಇರುವ ವ್ಯತ್ಯಾಸಗಳನ್ನು ವಿವರಿಸಿರಿ.
4. ‘ಕೋಣಕ್ಕೆ ಮನುಷ್ಯ ಹೊರೆಯಾಗಬಾರದು’ ಎಂಬ ಮಾತಿನ ಅರ್ಥವೇನು?
5. ಶ್ರೀನಿವಾಸ ಗೌಡರು ತಮಗೆ ಬಂದ ಕೀರ್ತಿಯನ್ನು ಹೇಗೆ ಸ್ವೀಕರಿಸಿದರು? ಅವರ ನಿರ್ಧಾರವನ್ನು ನೀವು ಒಪ್ಪುವಿರಾ? ಕಾರಣ ಕೊಡಿರಿ.
6. ಜಿಮ್ ಬ್ರೌನರ ನಿದರ್ಶನದಿಂದ ಲೇಖಕರು ಏನನ್ನು ತಿಳಿಸಲು ಬಯಸುತ್ತಾರೆ?
7. ನಿಮ್ಮ ಊರಿನಲ್ಲಿ ವಿಶೇಷ ಕೌಶಲವುಳ್ಳ ಒಬ್ಬ ಕೆಲಸಗಾರರನ್ನು ಕಂಡು ಮಾತನಾಡಿಸಿ, ಅವರ ವಿದ್ಯೆಯನ್ನು ಕುರಿತು ಒಂದು ಪುಟ ಬರೆಯಿರಿ.